ದೆವ್ವದ ನಾಲ್ಕು ಸಾಲು

ನಮ್ಮಕ್ಕ ದೆವ್ವ. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಬೈಯಬೇಕೆಂದರೆ ನನ್ನ ಹತ್ತಿರ ಬೇರೆ ಮಾತುಗಳಿವೆ. ‘ಒಂದು ಹಾಸಿಗೆ ಹೆಚ್ಚು’ ಎಂದು ಮೂರು ವರ್ಷ ಟೀವಿಯಲ್ಲಿ ಒಂದು ಧಾರಾವಾಹಿ ಬಂತು. ಕಾಲೇಜು ಹುಡುಗಿಯರ ಹಾಸ್ಟೆಲು, ಅದರ ಮೆಟ್ಟಿಲ ಮೇಲೆ ಕೂತು ಗುನುಗುವ ಒಂದು ದೆವ್ವ. ಆ ಗುನುಗು ನಮ್ಮಕ್ಕನದು. ತೆರೆಯ ಮೇಲೆ ಓಡಾಡುವ ಹುಡುಗಿ ಬೇರೆ; ಅವಳಿಗೆ ಮೊಣಕಾಲಿನ ತನಕ ಕೂದಲಿದೆ. ಅಕ್ಕನ ಕೂದಲು ಉದುರಿ ಈಗ ಒಂದು ರಬ್ಬರ್ ಬ್ಯಾಂಡಿಗೂ ಸಾಲುವುದಿಲ್ಲ.

ಅಕ್ಕನ ಕಸುಬು ಪರದೆ ಹೊಲಿಯುವುದು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಅಂದರೆ ಒಂದು ಉದ್ದನೆ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಸುರುಳಿಗಳು, ಡಬ್ಬಿಗಳ ತುಂಬ ಹಿತ್ತಾಳೆ ಉಂಗುರ. ನಮ್ಮ ಬೀದಿಯ ಅರ್ಧ ಕಿಟಕಿಗಳಲ್ಲಿ ನೇತಾಡುವುದು ಅವಳು ಹೊಲಿದದ್ದೇ. ಬೀದಿಯವರೆಲ್ಲ ಅವಳನ್ನು ಪರದೆ ಅಕ್ಕ ಎನ್ನುತ್ತಾರೆ, ಅವಳಿಗಿಂತ ಹಿರಿಯರೂ ಅಷ್ಟೇ. ಕೆಲಸ ಮಾಡುವಾಗ ಬಾಯಲ್ಲಿ ಸದಾ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿರುತ್ತಾಳೆ. ಬಾಯಲ್ಲಿ ಪಿನ್ನಿದ್ದವರನ್ನು ಯಾರೂ ಮಾತಾಡಿಸುವುದಿಲ್ಲ. ಅವಳು ಈ ಕಸುಬು ಹಿಡಿದದ್ದೇ ಅದಕ್ಕೆ ಅಂತ ನನ್ನ ಅನುಮಾನ.

ಯಾಕೆಂದರೆ ಅಕ್ಕನಿಗೆ ಉಗ್ಗು. ಚಿಕ್ಕಂದಿನಿಂದಲೂ ಇದೆ. ಮಾತು ಬಾಯಿಯ ತನಕ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯ ನರ ಎದ್ದು ಕಾಣುತ್ತದೆ, ಕಣ್ಣು ಎದುರಿದ್ದವರ ಮೇಲೆ ನೆಡುತ್ತದೆ. ಅವಳ ಮಾತನ್ನು ನಾನು ಇಲ್ಲಿ ಇಡಿಯಾಗಿಯೇ ಬರೆಯುತ್ತೇನೆ. ಅಕ್ಷರ ಒಡೆದು ಚುಕ್ಕಿ ಇಟ್ಟು ತಮಾಷೆ ಮಾಡುವುದು ನನ್ನಿಂದ ಆಗದು. ಓದುವವರು ಸ್ವಲ್ಪ ನಿಧಾನಕ್ಕೆ ಓದಿಕೊಳ್ಳಿ. ಹಾಡುವಾಗ ಮಾತ್ರ ಏನೂ ಸಿಕ್ಕಿಕೊಳ್ಳುವುದಿಲ್ಲ, ನಲ್ಲಿ ಬಿಟ್ಟ ಹಾಗೆ ಬರುತ್ತದೆ.

ಇನ್ನು ಭಾವ. ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳುವುದಕ್ಕೆ ಸಂದರ್ಭ ಸಿಗಲಿಕ್ಕಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೊದಲು ಕಣ್ಣು ಪರೀಕ್ಷೆಗೆ ಕೂರಿಸಿದ್ದರು. ಬಂದವರು ಬೋರ್ಡಿನ ಕೊನೆಯ ಸಾಲಿನಲ್ಲಿ ಒಂದು ಗಳಿಗೆ ತಡವರಿಸಿದರೆ ಸಾಕು, ಭಾವ ಮೆಲ್ಲಗೆ ಅಕ್ಷರ ಹೇಳಿಕೊಟ್ಟುಬಿಡುತ್ತಿದ್ದರು. ಆ ವರ್ಷ ಊರಲ್ಲಿ ಯಾರಿಗೂ ಕಣ್ಣಿನ ದೋಷ ಇರಲಿಲ್ಲ. ಮಾಲೀಕರು ಅವರನ್ನು ಅಲ್ಲಿಂದ ಎಬ್ಬಿಸಿ ಫ್ರೇಮು ಜೋಡಿಸುವುದಕ್ಕೆ ಹಾಕಿದರು.

ಮನೆಯಲ್ಲಿ ಅವರನ್ನು ಎಬ್ಬಿಸುವ ಮಾಲೀಕರು ಯಾರೂ ಇಲ್ಲ. ಅಕ್ಕ ಬಾಯಿ ತೆರೆದರೆ ಮೊದಲ ಪದ ಅವಳದು, ಮಿಕ್ಕದ್ದು ಭಾವನದು. ಹೆಚ್ಚಿನ ಸಲ ತಪ್ಪು. ಅಕ್ಕ ತಿದ್ದುವುದಿಲ್ಲ, ತಿದ್ದಬೇಕಾದರೆ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ. ಅವಳು ಅಡುಗೆಮನೆಗೆ ಬಿಳಿ ಬಣ್ಣ ಕೇಳಹೊರಟಿದ್ದಳು, ಭಾವ ಹಸಿರು ಎಂದು ಮುಗಿಸಿದರು, ಗೋಡೆ ಇವತ್ತಿಗೂ ಹಸಿರು. ಸಿಹಿ ಕಡಿಮೆ ಎನ್ನಹೊರಟವಳಿಗೆ ಇಪ್ಪತ್ತು ವರ್ಷದಿಂದ ಎರಡು ಚಮಚ ಸಕ್ಕರೆಯ ಕಾಫಿ. ಅಷ್ಟೇಕೆ, ಹೆಣ್ಣು ನೋಡಲು ಬಂದ ದಿನ ಅಕ್ಕ “ನನಗೆ” ಎಂದಳು, ಭಾವ ಎಲ್ಲರ ಕಡೆ ತಿರುಗಿ “ಒಪ್ಪಿಗೆಯಂತೆ” ಎಂದರು. ಅವಳು ನಿಜವಾಗಿ ಏನು ಹೇಳಹೊರಟಿದ್ದಳು ಅಂತ ಕೇಳಿದರೆ ನಗುತ್ತಾಳೆ.

ನಾನು ಅಕ್ಕನ ತಂಗಿ. ಗ್ಯಾಸ್ ಏಜೆನ್ಸಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುತ್ತೇನೆ. ದಿನವಿಡೀ ಬೈಸಿಕೊಳ್ಳುವ ಕೆಲಸ. ಸಂಜೆ ಮನೆಗೆ ಬಂದರೆ ಬೈಯುವುದಕ್ಕೆ ಭಾವ ಇರುತ್ತಾರೆ, ಹಾಗಾಗಿ ನನ್ನ ಆರೋಗ್ಯ ಚೆನ್ನಾಗಿದೆ.

ಅಕ್ಕ ದೆವ್ವವಾದದ್ದು ಹೀಗೆ. ಒಂದು ಸ್ಟುಡಿಯೋದವರು ಗೋಡೆ ತುಂಬ ದಪ್ಪ ಪರದೆ ಬೇಕು, ಸದ್ದು ಪ್ರತಿಧ್ವನಿಸಬಾರದು ಎಂದು ಕರೆಸಿದರು. ಅಕ್ಕ ಹೋಗಿ ಏಣಿ ಹತ್ತಿ ಪರದೆಯ ಮಡಿಕೆಗಳನ್ನು ಪಿನ್ನು ಚುಚ್ಚಿ ಕೂರಿಸುತ್ತ, ಅಭ್ಯಾಸಬಲದಿಂದ ಹಲ್ಲು ಕಚ್ಚಿಕೊಂಡೇ ಗುನುಗುತ್ತಿದ್ದಳು. ಕೋಣೆಯ ಮೈಕು ಆನ್ ಆಗಿತ್ತು. ಗಾಜಿನ ಆಚೆ ಧಾರಾವಾಹಿಯ ಸಂಗೀತ ಮಾಡುವ ಹುಡುಗ ತಲೆ ಕೆಡಿಸಿಕೊಂಡು ಕೂತಿದ್ದ. ವಾರದಿಂದ ದೆವ್ವಕ್ಕೆ ಧ್ವನಿ ಹುಡುಕಿ ಸೋತಿದ್ದ. ಹೆಡ್‌ಫೋನಿನಲ್ಲಿ ಈ ಗುನುಗು ಕೇಳಿ ಅವನ ಕೈ ಕಾಲು ತಣ್ಣಗಾದವಂತೆ. ಹುಡುಗ ಎಂದೆನಾದರೂ ಅವನಿಗೂ ನಲವತ್ತರ ಹತ್ತಿರ ವಯಸ್ಸು. ತಲೆಗೆ ಟೋಪಿ ಹಾಕಿಕೊಂಡು ಹುಡುಗನಾಗಿದ್ದಾನೆ.

ಅಂದಿನಿಂದ ಮೂರು ವರ್ಷ ಅಕ್ಕ ‘ಆ’ ಎಂದಳು, ‘ಊ’ ಎಂದಳು, ‘ಹ್ಞೂಂ’ ಎಂದಳು. ಪ್ರತಿ ಸಲವೂ ಭಾವ ಜೊತೆಗೆ ಹೋಗಿ ಮೈಕಿನ ಕೋಣೆಯೊಳಗೇ ಒಂದು ಸ್ಟೂಲಿನ ಮೇಲೆ ಅವಳ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಅಲ್ಲಾಡುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಗುನುಗಿನಲ್ಲಿ ಮುಗಿಸಿಕೊಡಲು ಪದವೇ ಇರಲಿಲ್ಲವಲ್ಲ! ಹೊರಗಿನ ಮಾತುಕತೆ ಪೂರ್ತಿ ಅವರದ್ದೇ. ಅಕ್ಕ ಯಾರ ಜೊತೆಗೂ ಮಾತಾಡದ್ದು ನೋಡಿ ಸ್ಟುಡಿಯೋದವರು ದೊಡ್ಡ ಕಲಾವಿದೆ, ಗಂಭೀರ ಸ್ವಭಾವ ಎಂದುಕೊಂಡರು. ಉಗ್ಗು ಇರುವುದು ಅವರಿಗೆ ಗೊತ್ತೇ ಇರಲಿಲ್ಲ.

ಧಾರಾವಾಹಿ ಮುಗಿಯಿತು. ಅದರ ಹಾಡುಗಳನ್ನೂ ದೆವ್ವದ ಗುನುಗನ್ನೂ ಸೇರಿಸಿ ಒಂದು ಆಲ್ಬಂ ತರುತ್ತೇವೆ ಎಂದು ಟೋಪಿ ಹುಡುಗ ಅಂಗಡಿಗೆ ಬಂದ. ಮೇಜಿನ ಮೇಲೆ ಒಂದು ಕಾಗದ ಹರಡಿದ. ಕೊನೆಯ ಹಾಡಿನ ನಡುವೆ ದೆವ್ವ ಮೊಟ್ಟಮೊದಲ ಬಾರಿಗೆ ಮಾತಾಡುತ್ತದೆ. ನಾಲ್ಕೇ ಸಾಲು:

‘ನನ್ನನ್ನು ಹುಡುಕಬೇಡಿ, ನಾನು ಹೋಗಿಲ್ಲ. ನೀವು ಬಾಗಿಲು ಹಾಕಿದಾಗ ನಾನು ಒಳಗೇ ಇದ್ದೆ. ದೀಪ ಆರಿದ ಮೇಲೆ ನಾನು ಹಾಸಿಗೆ ಎಣಿಸುತ್ತೇನೆ. ಒಂದು ಹೆಚ್ಚಿದೆ, ಅದು ನನ್ನದು.’

“ಆಂಟಿ ಎಂದಿನ ಹಾಗೆ ಗುನುಗಿದ್ರೆ ಸಾಕು ಸಾರ್,” ಎಂದ ಭಾವನಿಗೆ. “ಮಾತಿಗೆ ಆ್ಯಕ್ಟ್ ಮಾಡಿದ ಹುಡುಗಿನೇ ಕರೆಸ್ತೀವಿ.”

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. “ನಾನೇ ಹೇಳ್ತೀನಿ,” ಎಂದಳು. ಅದೂ ಒಂದೇ ಉಸಿರಿಗೆ ಬಂದುಬಿಟ್ಟಿತು. ಭಾವನಿಗೆ ಮುಗಿಸಿಕೊಡಲು ಸಮಯವೇ ಸಿಗಲಿಲ್ಲ, ಬಾಯಿ ತೆರೆದವರು ತೆರೆದ ಹಾಗೇ ಇದ್ದರು.

ಹುಡುಗ ಖುಷಿಯಾಗಿ ಶನಿವಾರ ಬನ್ನಿ ಎಂದ. ಆಲ್ಬಂ ಬಿಡುವ ದಿನ ನಿಗದಿಯಾಗಿಹೋಗಿದೆ, ಶನಿವಾರ ಆಗದಿದ್ದರೆ ಭಾನುವಾರ ಆ ಹುಡುಗಿ ಬಂದು ಹೇಳಿ ಹೋಗುತ್ತಾಳೆ, ಚಿಂತೆಯಿಲ್ಲ ಎಂದ. ಚಿಂತೆಯಿಲ್ಲವಂತೆ. ಅವನು ಹೋದ ಮೇಲೆ ಅಂಗಡಿಯಲ್ಲಿ ಉಳಿದ ಮೂವರಿಗೂ ಚಿಂತೆ ಬಿಟ್ಟು ಬೇರೆ ಏನೂ ಇರಲಿಲ್ಲ.

“ಯಾಕೆ ಬೇಕಿತ್ತಕ್ಕ ನಿನಗೆ?” ಎಂದು ನಾನೇ ಕೇಳಿದೆ. ಅವಳು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿತು, ಆದರೆ ಪೂರ್ತಿ ಹೇಳಿದಳು. “ಮೂರು ವರ್ಷ ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಬರೀ ಗುನುಗಿದ್ಲು ಕಣೇ. ನಿನಗೇನಾಗಿದೆ ಅಂತ ಒಬ್ರೂ ಕೇಳ್ಲಿಲ್ಲ. ಈಗ ಕೊನೇಲಿ ನಾಲ್ಕು ಮಾತು ಸಿಕ್ಕಿದೆ. ಅದನ್ನೂ ಬೇರೆ ಯಾರೋ ಹೇಳ್ಬೇಕಾ?”

“ಹೇಳೇ, ನೀನೇ ಹೇಳು. ಅದು ಹೇಗೆ ಆಗಲ್ವೋ ನಾನೂ ನೋಡ್ತೀನಿ,” ಎಂದು ಯಾರ ಜೊತೆಗೋ ಜಗಳಕ್ಕೆ ಹೊರಟವಳ ಹಾಗೆ ಹೇಳಿದೆ.

ಆ ವಾರ ಹೊಲಿಗೆ ಯಂತ್ರದ ಸದ್ದಿನ ಜೊತೆಗೆ ನಾಲ್ಕು ಸಾಲು ನಡೆದವು. ಕಾಲು ತುಳಿಯುವ ಲಯಕ್ಕೆ ಸೇರಿಸಿದರೆ ಮಾತು ಸಲೀಸಾಗಿ ಬರುತ್ತಿತ್ತು. ಕಾಲು ನಿಂತರೆ ಮಾತೂ ನಿಲ್ಲುತ್ತಿತ್ತು. ಸ್ಟುಡಿಯೋದಲ್ಲಿ ಯಂತ್ರ ಇರುವುದಿಲ್ಲವಲ್ಲ, ಹಾಗಾಗಿ ಆಮೇಲೆ ಖಾಲಿ ನೆಲವನ್ನು ತುಳಿಯುತ್ತ ಹೇಳಿದಳು, ಆಮೇಲೆ ತುಳಿಯದೆ ಹೇಳಿದಳು. ಗಿರಾಕಿಗಳು ಬಾಗಿಲಲ್ಲಿ ನಿಂತು “ದೀಪ ಆರಿದ ಮೇಲೆ ನಾನು ಹಾಸಿಗೆ ಎಣಿಸುತ್ತೇನೆ” ಎಂಬುದನ್ನು ಕೇಳಿ, ಆಮೇಲೆ ಬರುತ್ತೇವೆ ಎಂದು ಹೊರಟುಹೋದರು. ಭಾವ ಎರಡೇ ದಿನಕ್ಕೆ ನಾಲ್ಕೂ ಸಾಲು ಬಾಯಿಪಾಠ ಮಾಡಿಕೊಂಡು ಅವಳು ಎಲ್ಲಿ ತಡೆದರೆ ಅಲ್ಲಿ ತಯಾರಾಗಿ ನಿಲ್ಲುತ್ತಿದ್ದರು. ಮೈ ಉರಿದುಹೋಗುತ್ತಿತ್ತು ನನಗೆ.

“ಭಾವ, ದೆವ್ವ ಯಾರು? ನೀವಾ, ಅವಳಾ?”

“ಅಲ್ಲಮ್ಮ, ಒಂಚೂರು ಕೈ ಹಿಡಿದ್ರೆ ತಪ್ಪೇನು?”

“ಕೈ ಹಿಡಿದು ಇಪ್ಪತ್ತು ವರ್ಷ ಆಯ್ತು. ಈಗ ಅವಳ ಬಾಯಿ ಅವಳಿಗೆ ಬಿಡಿ.”

ಅವರ ಮಗಳಿಗೆ ಹದಿನೈದು. ಧಾರಾವಾಹಿಯ ಭಕ್ತೆ. ಅವಳದು ಹೆಚ್ಚು ಮಾತಿಲ್ಲ, ಊಟಕ್ಕೆ ಕೂತಾಗ ಅಪ್ಪನ ಪಕ್ಕ ಕೂತು, ಅಮ್ಮ ಬಾಯಿ ತೆರೆದಾಗಲೆಲ್ಲ ಎಡಗೈಯಿಂದ ಅಪ್ಪನ ಬಾಯಿ ಮುಚ್ಚುತ್ತಿದ್ದಳು. ಭಾವ ಆ ವಾರ ಸ್ವಲ್ಪ ಸೊರಗಿದರು.

ಶನಿವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಸ್ಟುಡಿಯೋ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಒಂದು ಮೆಟ್ಟಿಲು, ಒಂದು ನೀರಿನ ಕ್ಯಾನು, ಎರಡು ಕೋಣೆ. ಒಂದರಲ್ಲಿ ಮೈಕು, ಸುತ್ತ ಅಕ್ಕನೇ ಹೊಲಿದ ಪರದೆ. ಗಾಜಿನ ಈಚೆಯದರಲ್ಲಿ ಗುಂಡಿಗಳು ತುಂಬಿದ ಮೇಜು, ಅದರ ಹಿಂದೆ ರೆಕಾರ್ಡಿಂಗ್ ಮಾಡುವ ಹೆಂಗಸು. ಬಿಗಿಯಾಗಿ ಜಡೆ ಹಾಕಿದ್ದಳು, ಮುಖವೂ ಅಷ್ಟೇ ಬಿಗಿ. ಟೋಪಿ ಹುಡುಗ ಅವಳ ಪಕ್ಕ, ನಾನು ಹಿಂದಿನ ಬೆಂಚಿನಲ್ಲಿ. ಭಾವ ಎಂದಿನಂತೆ ಒಳಗೆ ಸ್ಟೂಲಿನ ಮೇಲೆ, ಮಡಿಲಲ್ಲಿ ಕೈಚೀಲ.

ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಲ ರೆಕಾರ್ಡಿಂಗ್ ಶುರುವಾದೊಡನೆ ಹಾಡುವವರ ಹೆಸರು ಮೊದಲು ಮೈಕಿನಲ್ಲಿ ಹೇಳಬೇಕು. ಯಾವುದು ಯಾರದ್ದೆಂದು ಆಮೇಲೆ ಗೊಂದಲ ಆಗಬಾರದು. ಆಲ್ಬಂಗೆ ಹೋಗುವ ಮುಂಚೆ ಆ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಮೂರು ವರ್ಷವೂ ಅಕ್ಕನ ಹೆಸರನ್ನು ಸ್ಟೂಲಿನಿಂದ ಭಾವನೇ ಹೇಳುತ್ತಿದ್ದರು. ಅವತ್ತೂ ಬಾಗಿಲ ಮೇಲಿನ ಕೆಂಪು ದೀಪ ಹತ್ತಿದೊಡನೆ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದರು.

ಅಕ್ಕ ಶುರು ಮಾಡಿದಳು. ಮೊದಲ ಸಾಲು ಬಂತು. ಎರಡನೆಯದು ಬಂತು; ಟೋಪಿ ಹುಡುಗ ತನ್ನ ತೋಳಿನ ರೋಮ ಎದ್ದದ್ದನ್ನು ನನಗೆ ತೋರಿಸಿದ. “ದೀಪ ಆರಿದ ಮೇಲೆ ನಾನು” ಎಂಬಲ್ಲಿಗೆ ಬಂದು ಮಾತು ಸಿಕ್ಕಿಕೊಂಡಿತು. ಕುತ್ತಿಗೆಯ ನರ ಎದ್ದಿತು. ಅವಳ ಕಣ್ಣು ಸ್ಟೂಲಿನ ಕಡೆ ಹೋಯಿತು.

“ಮಲಗ್ತೀನಿ,” ಎಂದರು ಭಾವ.

ನಾಲ್ಕೂ ಸಾಲು ಬಾಯಿಪಾಠ ಮಾಡಿದ ಮನುಷ್ಯ! ಗಾಬರಿಯಲ್ಲಿ ಬಾಯಿಪಾಠ ಎಲ್ಲಿ ಹೋಯಿತೋ, ದೀಪ ಆರಿದ ಮೇಲೆ ಮನೆಯಲ್ಲಿ ಎಲ್ಲರೂ ಮಾಡುವುದು ಏನೋ ಅದೇ ಬಾಯಿಗೆ ಬಂದಿತ್ತು. ಟೋಪಿ ಹುಡುಗ ಮೇಜಿನ ಕೆಳಗೆ ಬಗ್ಗಿ ನಕ್ಕ. ರೆಕಾರ್ಡಿಂಗ್ ಹೆಂಗಸು ಒಳಗಿನವರಿಗೆ ಕೇಳಿಸುವ ಗುಂಡಿ ಒತ್ತಿ, “ಸಾರ್, ದೆವ್ವ ಮಲಗೋದು ಇದರಲ್ಲಿ ಬರೆದಿಲ್ಲ,” ಎಂದಳು.

ಭಾವನ ಮುಖ ನೋಡಬೇಕಿತ್ತು. ಅಕ್ಕ ಅವರನ್ನು ನೋಡಿದಳು. “ರೀ, ನೀವು ಆಚೆ,” ಎಂದಳು.

“ಆಚೆ ನೀರಿದೆ, ತರ್ತೀನಿ ತಾಳು.”

“ನೀರು ಬೇಡ. ನೀವು ಆಚೆ ಕೂತ್ಕೊಳ್ಳಿ.”

ಇದನ್ನು ಹೇಳಲು ಅವಳಿಗೆ ಹೊತ್ತು ಹಿಡಿಯಿತು. ಗಾಜಿನ ಈಚೆ ಇಬ್ಬರಿಗೂ ಆಗ ಅರ್ಥವಾಯಿತು, ಇದು ಗಾಂಭೀರ್ಯ ಅಲ್ಲ ಅಂತ. ಹುಡುಗನ ನಗು ನಿಂತಿತು. ಭಾವ ಎದ್ದು ಕೈಚೀಲವನ್ನು ಸ್ಟೂಲಿನ ಮೇಲಿಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಇಟ್ಟು ಹೊರಗೆ ಬಂದರು.

ನಾನು ಬೈಯುವುದಕ್ಕೆಂದೇ ಹಿಂದೆಯೇ ಹೋದೆ. ಅವರು ನೀರಿನ ಕ್ಯಾನಿನ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದರು.

“ಏನು ಭಾವ ಇದು! ನಿಮ್ಮ ಬಾಯಿಗೆ ಬೀಗ ಅನ್ನೋದು ಇಲ್ವಾ? ಅವಳ ಒಂದು ಆಸೆ, ಒಂದೇ ಒಂದು...”

“ನಿನಗೇನೇ ಗೊತ್ತು,” ಎಂದರು. ಅವರ ಕಣ್ಣಲ್ಲಿ ನೀರಿತ್ತು. “ಮಾತು ಸಿಕ್ಕಿಕೊಂಡಾಗ ಅವಳು ನಿನ್ನ ನೋಡಲ್ಲ, ನನ್ನ ನೋಡ್ತಾಳೆ. ಮುಳುಗೋರು ನೋಡ್ತಾರಲ್ಲ, ಹಾಗೆ. ಅದನ್ನ ನೋಡ್ಕೊಂಡು ಸುಮ್ನೆ ಕೂರೋಕೆ ನನ್ನ ಕೈಲಿ ಆಗಲ್ಲ. ಯಾವತ್ತೂ ಆಗ್ಲಿಲ್ಲ. ಈಗ ಒಳಗೆ ಒಬ್ಳೇ ಇದಾಳೆ.”

ಒಂದು ಲೋಟ ನೀರು ಹಿಡಿದು ಅವರ ಕೈಗೆ ಕೊಟ್ಟು ಒಳಗೆ ಬಂದೆ.

ಕೆಂಪು ದೀಪ ಹತ್ತಿತು. “ಮೇಡಂ, ಹೆಸರು ಹೇಳ್ಬಿಡಿ,” ಎಂದಳು ರೆಕಾರ್ಡಿಂಗ್ ಹೆಂಗಸು.

ಅಕ್ಕ ಸ್ಟೂಲಿನ ಕಡೆ ನೋಡಿದಳು. ಅಲ್ಲಿ ಕೈಚೀಲ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಉಗ್ಗು ಇರುವವರು ಬುದ್ಧಿವಂತರು. ‘ಹಾಸಿಗೆ’ ಎನ್ನಲು ಆಗದಿದ್ದರೆ ‘ಮಂಚ’ ಎಂದು ತಪ್ಪಿಸಿಕೊಳ್ಳುತ್ತಾರೆ. ಸ್ವಂತ ಹೆಸರಿಗೆ ಮಾತ್ರ ಬದಲಿ ಪದ ಇಲ್ಲ. ಅಕ್ಕನಿಗೆ ಲೋಕದಲ್ಲಿ ಎಲ್ಲಕ್ಕಿಂತ ಕಷ್ಟದ ಪದ ಅವಳ ಹೆಸರೇ. ಶಾಲೆಯಲ್ಲಿ ಯಾರಾದರೂ ಹೆಸರು ಕೇಳಿದರೆ ಪಕ್ಕದಲ್ಲಿದ್ದ ನಾನು ಹೇಳುತ್ತಿದ್ದೆ, ಮದುವೆಯಾದ ಮೇಲೆ ಭಾವ ಹೇಳಿದರು, ಬೀದಿಯವರು ಪರದೆ ಅಕ್ಕ ಎಂದು ಕರೆದು ಉಪಕಾರ ಮಾಡಿದರು. ವಾರವಿಡೀ ನಾಲ್ಕು ಸಾಲು ಅಭ್ಯಾಸ ಮಾಡಿದ್ದಳು, ಹೆಸರನ್ನು ಮಾಡಿರಲಿಲ್ಲ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ಮುಚ್ಚಿದಳು. ಟೋಪಿ ಹುಡುಗನಿಗೆ ತಡೆಯಲಾಗಲಿಲ್ಲ. “ಪರವಾಗಿಲ್ಲ, ನಾನೇ ಹೇಳ್ತೀನಿ” ಎಂದು ಗುಂಡಿಯ ಕಡೆ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ. ಜೋರಾಗಿಯೇ ಹಿಡಿದೆ, ಆಮೇಲೆ ಬೆರಳಿನ ಗುರುತು ಇತ್ತು. ನಿಜ ಹೇಳುತ್ತೇನೆ, ಹೆಸರು ನನ್ನ ನಾಲಿಗೆಯ ತುದಿಗೂ ಬಂದು ಕೂತಿತ್ತು. ಭಾವನನ್ನು ಇಷ್ಟು ವರ್ಷ ಬೈದ ಬಾಯಿ ನನ್ನದು. ಅದನ್ನು ಮುಚ್ಚಿಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ರೆಕಾರ್ಡಿಂಗ್ ಹೆಂಗಸು ಮಾತ್ರ ಅಲ್ಲಾಡಲಿಲ್ಲ. ಕೈ ಕಟ್ಟಿಕೊಂಡು, ಬೇರೆ ಕೆಲಸವೇ ಇಲ್ಲದವಳ ಹಾಗೆ ಕಾದಳು.

ಅಕ್ಕ ಹೆಸರು ಹೇಳಿದಳು. ಮೊದಲ ಅಕ್ಷರದಲ್ಲಿ ಬಹಳ ಹೊತ್ತು ನಿಂತು, ಹಿಂದೆ ಬಂದು, ಮತ್ತೆ ಹೋಗಿ, ಪೂರ್ತಿ ಹೇಳಿದಳು. ಆ ಹೆಸರು ಏನೆಂದು ನಾನು ಇಲ್ಲಿ ಬರೆಯುವುದಿಲ್ಲ. ಅವಳ ಬದಲು ಹೇಳುವವರು ಈ ಮನೆಯಲ್ಲಿ ಈಗಾಗಲೇ ಬೇಕಾದಷ್ಟು ಜನ ಆಗಿದ್ದಾರೆ.

ಆಮೇಲೆ ನಾಲ್ಕು ಸಾಲು. ಮೂರನೆಯದರಲ್ಲಿ, ಅದೇ ಜಾಗದಲ್ಲಿ, ಮತ್ತೆ ಸಿಕ್ಕಿಕೊಂಡಿತು. ಅವಳು ಈ ಸಲ ಯಾವ ಕಡೆಗೂ ನೋಡಲಿಲ್ಲ. ನಿಂತಳು, ‘ಹಾಸಿಗೆ ಎಣಿಸುತ್ತೇನೆ’ ಎಂದಳು, ಮುಂದೆ ಹೋದಳು. “ಇನ್ನೊಂದು ಸಲ ತಗೊಳ್ಳೋಣ್ವಾ ಆಂಟಿ?” ಎಂದು ಹುಡುಗ ಮೆಲ್ಲಗೆ ಕೇಳಿದ. “ಬೇಡ, ಇದೇ ಇರ್ಲಿ,” ಎಂದಳು. ಹೊರಗೆ ಬಂದು ಒಂದು ಲೋಟ ನೀರು ಕುಡಿದಳು. ಭಾವ ಏನಾಯಿತೆಂದು ಕೇಳಲು ಬಾಯಿ ತೆರೆದು, ಕೈಯಿಂದ ತಾವೇ ಮುಚ್ಚಿಕೊಂಡರು.

ಆಲ್ಬಂ ಬಂತು. ನಮ್ಮ ಹುಡುಗಿಯ ಶಾಲೆಯಲ್ಲಿ ಎಲ್ಲರ ಫೋನಿನಲ್ಲೂ ಅದೇ. ಮೂರನೆಯ ಸಾಲಿನ ನಡುವಿನ ಮೌನವೇ ಎಲ್ಲಕ್ಕಿಂತ ಭಯಂಕರವಂತೆ. ಅಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರಂತೆ. ಆ ಮೌನವನ್ನು ತಾನೇ ಯೋಚಿಸಿ ಇಟ್ಟದ್ದು ಎಂದು ಟೋಪಿ ಹುಡುಗ ಸಂದರ್ಶನದಲ್ಲಿ ಹೇಳಿದ್ದಾನೆ. ಹೇಳಿಕೊಳ್ಳಲಿ ಪಾಪ, ಮಣಿಕಟ್ಟು ನೋಯಿಸಿಕೊಂಡವನು.

ಭಾವ ಆಲ್ಬಂ ಕೇಳಿದ್ದು ಒಂದೇ ಸಲ. ಚೆನ್ನಾಗಿದೆ ಎಂದರು. ಆದರೆ ಕಿವಿಗೆ ಇಯರ್‌ಫೋನಿನ ಎರಡು ಗುಂಡಿ ಸಿಕ್ಕಿಸಿಕೊಂಡು ಏನನ್ನೋ ಸದಾ ಕೇಳುತ್ತಿರುತ್ತಾರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಫ್ರೇಮಿನ ಸ್ಕ್ರೂ ತಿರುಗಿಸುವಾಗ. ಒಂದು ದಿನ ನಾವಿಬ್ಬರೂ ಜೊತೆಯಲ್ಲಿ ಬಸ್ಸು ಕಾಯುತ್ತಿದ್ದಾಗ ನಾನು ಒಂದು ಗುಂಡಿ ಕಿತ್ತು ನನ್ನ ಕಿವಿಗಿಟ್ಟುಕೊಂಡೆ. ಹಾಡಲ್ಲ. ಆಲ್ಬಂಗೆ ಹೋಗುವ ಮುಂಚೆ ಕತ್ತರಿಸಿ ಎಸೆದ ಹೆಸರಿನ ತುಂಡು. ತಾವೇ ಸ್ಟುಡಿಯೋಗೆ ಹೋಗಿ ಆ ಬಿಗಿ ಮುಖದವಳನ್ನು ಕೇಳಿ ಹಾಕಿಸಿಕೊಂಡು ಬಂದಿದ್ದರು. ಅವತ್ತು ಆಚೆ ಕೂತವರು ಅದನ್ನು ಕೇಳಿರಲೇ ಇಲ್ಲವಲ್ಲ.

“ಇದರಲ್ಲಿ ಏನೂ ಇಲ್ವಲ್ಲ ಭಾವ, ಬರೀ ಉಸಿರು...” ಎಂದು ನಾನು ಶುರು ಮಾಡಿದೆ.

ಭಾವ ಒಂದು ಕಿವಿಯ ಗುಂಡಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈ ಎತ್ತಿ ನನ್ನನ್ನು ತಡೆದರು.

“ಶ್, ತಾಳು,” ಎಂದರು. “ಅವಳಿನ್ನೂ ಹೇಳ್ತಾ ಇದಾಳೆ.”